ಸಂತೋಷದಿಂದ ಕೊಟ್ಟ ರಾಜಿ

ಪರಮೇಶ್ವರಿ ನಡುವೆ ಕೂತ ಮೇಲೂ ರಾಜಿಯಾಗದೆ ಉಳಿದ ಜಗಳ ಆಲುವದ ಆ ಬೀದಿಯಲ್ಲಿ ಯಾರಿಗೂ ನೆನಪಿಲ್ಲ. ಬಾವಿಯ ಹಗ್ಗಕ್ಕಾಗಿ ಆರು ತಿಂಗಳು ಮಾತು ಬಿಟ್ಟಿದ್ದ ಎರಡು ಮನೆಯವರನ್ನು ಒಂದೇ ಮಧ್ಯಾಹ್ನದಲ್ಲಿ ಒಂದೇ ಚಾಪೆಯ ಮೇಲೆ ಕೂರಿಸಿ ಚಹಾ ಕುಡಿಸಿದವಳು ಅವಳು. ಮಹಿಳಾ ಸಮಾಜದಲ್ಲಿ ಮಕ್ಕಳಿಗೆ ಹಾಲಿನ ಪುಡಿ ಹಂಚುವಾಗ ಸಾಲು ತಪ್ಪಿಸಿದರೆಂದು ಇಬ್ಬರು ಹೆಂಗಸರು ಜುಟ್ಟಿಗೆ ಕೈಹಾಕುವಷ್ಟಾದಾಗ, ಇಬ್ಬರ ಕೈಗೂ ಒಂದೊಂದು ಸೌಟು ಕೊಟ್ಟು ಹಂಚುವ ಕೆಲಸಕ್ಕೇ ನಿಲ್ಲಿಸಿದ್ದಳು. ಶಿವರಾತ್ರಿಗೆ ಹೊಳೆಯ ಮರಳಿನಲ್ಲಿ ಜನ ಸೇರಿದಾಗ ಮಜ್ಜಿಗೆಯ ಹಂಡೆ, ಎಡಪ್ಪಳ್ಳಿಯಲ್ಲಿ ವಾರಕ್ಕೆರಡು ದಿನ ಹೊಲಿಗೆಯ ತರಗತಿ, ಯಾರದೋ ಬಾಣಂತನ, ಯಾರದೋ ಆಸ್ಪತ್ರೆ. ‘ಕನ್ನಡತ್ತಿಯಮ್ಮ’ ಎಂದರೆ ಸ್ಟೇಷನ್ನಿನ ಕೂಲಿಯೂ ಮನೆ ತೋರಿಸುತ್ತಿದ್ದ.

ಗಂಡ ಹರಿನಾರಾಯಣ ಎರ್ನಾಕುಳಂನಲ್ಲಿ ಕೋರ್ಟು ಗುಮಾಸ್ತ. ಬೆಳಿಗ್ಗೆಯ ರೈಲಿಗೆ ಹೋಗಿ ಸಂಜೆಯ ರೈಲಿಗೆ ಬರುವ ಮನುಷ್ಯ. ಮಾತು ಕಡಿಮೆ, ಊಟ ನಿಧಾನ. ತನ್ನ ಕೋರ್ಟಿನಲ್ಲಿ ಒಂದು ಕೇಸು ರಾಜಿಯಾಗಲು ಮೂರು ವರ್ಷ ಬೇಕು, ಹೆಂಡತಿಗೆ ಮೂರು ಗ್ಲಾಸು ಚಹಾ ಸಾಕು ಎಂದು ನಗುತ್ತಿದ್ದ. ಊರು ಕಾಸರಗೋಡು. ಐವತ್ತಾರರ ನವೆಂಬರಿನಲ್ಲಿ ಕಾಸರಗೋಡು ಕೇರಳಕ್ಕೆ ಸೇರಿತು, ಐವತ್ತೇಳರ ಮೊದಲಿಗೆ ಅವನಿಗೆ ವರ್ಗವಾಯಿತು. ರಾಜ್ಯಗಳಿಗೆ ಗೆರೆ ಎಳೆದವರು ಪರಮೇಶ್ವರಿಯನ್ನು ಕೇಳಿರಲಿಲ್ಲ. ಕೇಳಿದ್ದರೆ ಅದನ್ನೂ ಚಹಾ ಕೊಟ್ಟು ಮುಗಿಸುತ್ತಿದ್ದಳೋ ಏನೋ. ಎರ್ನಾಕುಳಂನಲ್ಲಿ ಮನೆ ಸಿಗದೆ ಆಲುವದಲ್ಲಿ ಹಿಡಿದರು. ಗಂಡ, ಹೆಂಡತಿ, ಅತ್ತೆ ರಾಜೀವಿಯಮ್ಮ, ದೊಡ್ಡ ಮಗಳು ವಿನೋದಾ, ಹತ್ತು ವರ್ಷದ ಸುಮಿತ್ರ.

ಪರಮೇಶ್ವರಿಗೆ ಮಲಯಾಳದ ಅಕ್ಷರ ಬಾರದು, ಮಾತು ಧಾರಾಳ ಬರುತ್ತಿತ್ತು. ಕಾಸರಗೋಡಿನ ಪೇಟೆಯಲ್ಲಿ ಮೀನಿನವರ, ಬಟ್ಟೆಯವರ ಬಾಯಿಂದ ಕಲಿತ ಮಾತು. ಬಾಯಿ ಇದ್ದವಳಿಗೆ ಲಿಪಿ ಯಾಕೆ ಎನ್ನುತ್ತಿದ್ದಳು. ಬ್ಯಾಂಕಿಗೆ ವರ್ಗವಾಗಿ ಬಂದವರ ಹೆಂಡಿರಿಗೆ ಪಾಠ ಹೇಳುವವಳೂ ಅವಳೇ: ಪಕ್ಕದ ಮನೆಯವನು ‘ಸಂಸಾರಿಕ್ಕಣಂ’ ಅಂದರೆ ಗಾಬರಿಯಾಗಬೇಡಿ, ಅವನಿಗೆ ಬೇಕಾದ್ದು ಮಾತಾಡಲಿಕ್ಕೆ, ಅಷ್ಟೆ. ಒಂದೇ ಸದ್ದಿನ ಎರಡು ಮಾತುಗಳ ಈ ಕೀಟಲೆ ತನಗೆ ಪೂರ್ತಿ ಗೊತ್ತು ಎಂದು ಅವಳಿಗೆ ಒಂದು ಹೆಮ್ಮೆ ಇತ್ತು.

ವಿನೋದಾ ಹಿಂದಿ ಪರೀಕ್ಷೆಗಳನ್ನು ಒಂದೊಂದಾಗಿ ಹತ್ತಿ ವಿಶಾರದ ಮುಗಿಸಿದ್ದಳು. ಐವತ್ತೇಳರ ಜೂನಿನಲ್ಲಿ ತಿರುವನಂತಪುರದ ಒಂದು ಖಾಸಗಿ ಹೆಣ್ಣುಮಕ್ಕಳ ಶಾಲೆಯಿಂದ ಹಿಂದಿ ಟೀಚರ್ ಕೆಲಸಕ್ಕೆ ಕರೆ ಬಂದಾಗ ಮನೆ ಎರಡು ಪಾಲಾಯಿತು. ಇಪ್ಪತ್ತೊಂದಾದ ಹುಡುಗಿಯನ್ನು ದೂರದ ಊರಿಗೆ ಕಳಿಸಿದರೆ ಆಮೇಲೆ ಯಾರು ಕೇಳಿ ಬರುತ್ತಾರೆ ಎಂದು ರಾಜೀವಿಯಮ್ಮ ಎರಡು ಹೊತ್ತು ಊಟ ಬಿಟ್ಟರು. ಹರಿನಾರಾಯಣ ಅಮ್ಮನ ಮುಖವನ್ನೂ ಹೆಂಡತಿಯ ಮುಖವನ್ನೂ ನೋಡಿ ಪೇಪರು ಬಿಡಿಸಿಕೊಂಡ. ಪರಮೇಶ್ವರಿ ಮಾತ್ರ ಆ ಮೂರು ದಿನ ಯಾರಿಗೂ ಚಹಾ ಕೊಡಲಿಲ್ಲ. ಅವಳನ್ನು ಐದನೇ ಕ್ಲಾಸಿಗೆ ಶಾಲೆ ಬಿಡಿಸಿದ್ದರು. ಹೆಡ್‌ಮಾಸ್ಟರು ಮನೆಗೇ ಬಂದು ಕೇಳಿಕೊಂಡಾಗ ಅಪ್ಪ ಜಗಲಿಯಿಂದಲೇ ಇಲ್ಲವೆಂದದ್ದನ್ನು ಅವಳು ಕಸ ಗುಡಿಸುವ ಹಿಡಿಸೂಡಿ ಹಿಡಿದುಕೊಂಡು ಒಳಗಿನಿಂದ ಕೇಳಿದ್ದಳು.

“ಊರಿನವರ ಎಲ್ಲ ಜಗಳ ನಾನು ಮುಗಿಸಿದ್ದುಂಟು,” ಎಂದಳು ಅತ್ತೆಗೆ, ಮಗಳ ಎದುರಿನಲ್ಲೇ. “ಈ ಒಂದು ವಿಷಯದಲ್ಲಿ ನನ್ನ ಹತ್ತಿರ ರಾಜಿ ಇಲ್ಲ.”

ತಾನೇ ಬಸ್ಸಿನಲ್ಲಿ ಕರೆದುಕೊಂಡು ಹೋಗಿ, ಅಲ್ಲಿಯ ತಂಪಾನೂರು ಸ್ಟೇಷನ್ನಿನ ಹಿಂದಿನ ಓಣಿಯಲ್ಲಿ ಪರಿಚಯದ ಸರೋಜನ ಮನೆಯಲ್ಲಿ ಬಿಟ್ಟುಬಂದಳು. ಸರೋಜ ಮೈಸೂರಿನವಳು, ಗಂಡ ಕೇಂದ್ರ ಸರ್ಕಾರದ ಆಫೀಸಿನಲ್ಲಿ. ಮಕ್ಕಳಿಲ್ಲದ ಮನೆ, ಒಂದು ಕೋಣೆ ಖಾಲಿ ಇತ್ತು. ವಿನೋದಾ ಹದಿನೈದು ದಿನಕ್ಕೊಂದು ಕಾಗದ ಬರೆಯುತ್ತಿದ್ದಳು. ಎಂಟನೆಯ ಕ್ಲಾಸಿನ ನಲವತ್ತು ಹುಡುಗಿಯರು, ಅದರಲ್ಲಿ ಒಬ್ಬಳು ‘ಹೈಂ’ ಎನ್ನುವಾಗಲೆಲ್ಲ ಮೂಗು ಹಿಡಿದುಕೊಳ್ಳುವುದು, ಬಸ್ಸಿನ ಬೋರ್ಡು ಓದಿ ಓದಿಯೇ ತಾನು ಮಲಯಾಳದ ಅಕ್ಷರ ಕಲಿತದ್ದು. ಪರಮೇಶ್ವರಿ ಆ ಕಾಗದಗಳನ್ನು ಸಮಾಜಕ್ಕೂ ಒಯ್ದು ಓದಿ, ಮಲಯಾಳದಲ್ಲಿ ಅರ್ಥ ಹೇಳುತ್ತಿದ್ದಳು. ಕೇಳುವವರಿಗೆ ಬೇಕಿತ್ತೋ ಇಲ್ಲವೋ, ಹೇಳುವವಳಿಗೆ ಬೇಕಿತ್ತು.

ಮಾರ್ಚಿನಲ್ಲಿ ಕಾಗದ ಬಂದದ್ದು ಸರೋಜನಿಂದ. ವಿನೋದಾ ಐದು ದಿನದಿಂದ ಶಾಲೆಗೆ ಹೋಗಿಲ್ಲ, ಜ್ವರವೂ ಇದೆ, ಅದಕ್ಕಿಂತ ಹೆಚ್ಚಾಗಿ ಏನೋ ಜಗಳವಾಗಿದೆ, ಒಮ್ಮೆ ಬಂದುಹೋಗಿ.

ಪರಮೇಶ್ವರಿ ಅದೇ ದಿನ ಸಮಾಜದ ಬೀಗದಕೈಯನ್ನು ಬೇರೆಯವರಿಗೆ ಕೊಟ್ಟು, ಅತ್ತೆಗೆ ಎರಡು ದಿನದ ಗಂಜಿಗೆ ಚಟ್ನಿ ಅರೆದಿಟ್ಟು, ಕೋಟ್ಟಯಂ ಮೇಲಿನಿಂದ ಹೊಸದಾಗಿ ಶುರುವಾದ ರೈಲು ಹಿಡಿದಳು. ಮನೆಯಲ್ಲಿ ಜ್ವರ ಅಂತಷ್ಟೇ ಹೇಳಿದ್ದಳು. ಜಗಳ ಎಂದಿದ್ದರೆ ರಾಜೀವಿಯಮ್ಮ, ನಾನು ಮೊದಲೇ ಹೇಳಿರಲಿಲ್ಲವಾ ಎಂದು ಶುರು ಮಾಡುತ್ತಿದ್ದರು.

ವಿನೋದಾ ಚಾಪೆಯಲ್ಲಿ ಗೋಡೆ ಕಡೆ ತಿರುಗಿ ಮಲಗಿದ್ದಳು. ಕರಿಮೆಣಸಿನ ಕಷಾಯ ಕುಡಿಸಿದ ಮೇಲೆ ಮಾತು ಹೊರಟಿತು. ಸ್ಟಾಫ್ ರೂಮಿನಲ್ಲಿ ಹೆಡ್‌ಮಿಸ್ಟ್ರೆಸ್ಸು ಎಲ್ಲರ ಎದುರು ಎಂಟನೆಯ ಕ್ಲಾಸಿನ ಹಿಂದಿ ‘ಮೋಶಂ’ ಎಂದರಂತೆ. ಇವಳ ಕಿವಿಗೆ ಅದು ಮೋಸ ಎಂದೇ ಬಿತ್ತು. ತಾನು ಮೋಸ ಮಾಡಿ ಮಾರ್ಕು ಕೊಟ್ಟೆ ಎಂದು ಹೇಳುತ್ತಿದ್ದಾರೆಂದು ತಿಳಿದು, ಇಂಗ್ಲಿಷಿನಲ್ಲಿ, ಸುಳ್ಳು ಹೇಳುವವರು ನೀವೇ ಎಂದುಬಿಟ್ಟಳು. ಮೋಶಂ ಎಂದರೆ ಬರೀ ಚೆನ್ನಾಗಿಲ್ಲ ಎಂದು ಮರುದಿನ ಇನ್ನೊಬ್ಬ ಟೀಚರು ಹೇಳಿದರು. ಆದರೆ ಅಂದದ್ದು ಅಂದಾಗಿತ್ತು.

ಪರಮೇಶ್ವರಿಗೆ ನಗು ತಡೆಯಲಾಗಲಿಲ್ಲ. ಅವರ ಮೋಶಕ್ಕೂ ನಮ್ಮ ಮೋಸಕ್ಕೂ ವ್ಯತ್ಯಾಸವನ್ನು ಬ್ಯಾಂಕಿನವರ ಹೆಂಡಿರಿಗೆಲ್ಲ ಹೇಳಿಕೊಟ್ಟವಳ ಮಗಳೇ ಹೀಗೆ ಎಡವಿದಳಲ್ಲ ಎಂದಳು.

“ನಗಬೇಡಿ ಅಮ್ಮ,” ಎಂದಳು ವಿನೋದಾ. “ನನಗೆ ಆ ಕ್ಲಾಸು ಬೇಕು. ಕ್ಷಮೆ ಕೇಳುವ ಅಂತ ದಿನಾ ಹೊರಡ್ತೇನೆ, ಗೇಟಿನ ಹತ್ತಿರ ಹೋಗುವಾಗ ಕಾಲೇ ಬರುದಿಲ್ಲ.”

“ನೀನು ಮಲಗು. ನಾಳೆ ನಾನು ಹೋಗಿ ಮಾತಾಡ್ತೇನೆ.”

ಮರುದಿನ ಇಸ್ತ್ರಿ ಸೀರೆ ಉಟ್ಟು, ಊರಿನಿಂದ ತಂದಿದ್ದ ಹಲಸಿನ ಹಪ್ಪಳದ ಕಟ್ಟೊಂದನ್ನು ಹಿಡಿದು ಹೊರಟಳು. ಶಾಲೆಯ ಸೆಕ್ರೆಟರಿ ವಯಸ್ಸಾದ, ಸಮಾಧಾನದ ಮನುಷ್ಯ. ಕುರ್ಚಿ ಕೊಟ್ಟರು, ಎಳನೀರು ತರಿಸಿದರು. ಹುಡುಗಿ ಒಳ್ಳೆಯವಳೇ, ಪಾಠವೂ ಪರವಾಗಿಲ್ಲ, ಆದರೆ ಹೆಡ್‌ಮಿಸ್ಟ್ರೆಸ್ಸಿಗೆ ತುಂಬ ನೋವಾಗಿದೆ; ಇನ್ನು ಕಮಿಟಿಯ ಮುಂದೆ ಹೋದರೆ ವಿಚಾರಣೆ, ಬರವಣಿಗೆ, ಹುಡುಗಿಯ ಹೆಸರಿಗೆ ಒಂದು ಕಪ್ಪು ಚುಕ್ಕೆ. ಕೊನೆಗೆ ಅವರು ಹೇಳಿದರು:

“ಒರು ರಾಜಿ ಎಳುತಿ ತನ್ನಾಲ್ ಮದಿ, ಅಮ್ಮೇ. ಎಲ್ಲಾಂ ಅವಿಡೆ ತೀರುಂ.”

ಒಂದು ರಾಜಿ ಬರೆದುಕೊಟ್ಟರೆ ಸಾಕು, ಎಲ್ಲ ಅಲ್ಲಿಗೆ ಮುಗಿಯುತ್ತದೆ. ರಾಜಿ ಎಂಬ ಮಾತು ಕಿವಿಗೆ ಬಿದ್ದದ್ದೇ ಪರಮೇಶ್ವರಿಗೆ ತನ್ನ ಅಂಗಳಕ್ಕೆ ಬಂದು ನಿಂತಂತಾಯಿತು. ತಾನು ಬಂದದ್ದೇ ಅದಕ್ಕೆ, ಮಗಳ ಪರವಾಗಿ ತಾನು ಒಪ್ಪಿದೆ ಎಂದಳು. ಇಷ್ಟು ಬೇಗ ಒಪ್ಪುತ್ತಾಳೆಂದು ಅವರು ಎಣಿಸಿರಲಿಲ್ಲ; ಕನ್ನಡಕ ತೆಗೆದು ಒರೆಸಿಕೊಂಡರು. ಹೆಡ್‌ಮಿಸ್ಟ್ರೆಸ್ಸಿನ ರುಜುವೂ ಬೇಡವೇ ಎಂದು ಪರಮೇಶ್ವರಿ ಕೇಳಿದಳು. ಬೇಡ, ಟೀಚರದ್ದು ಒಂದೇ ಸಾಕು ಎಂದರು. ಇದು ಸ್ವಲ್ಪ ಒಂದು ಕಡೆಯ ನ್ಯಾಯವೇ, ಆದರೂ ಹಿರಿಯರ ಮಾನ ಉಳಿಯಲಿ ಎಂದುಕೊಂಡಳು.

ಗುಮಾಸ್ತ ನಾಲ್ಕು ಸಾಲು ಬರೆದು ಓದಿದ. ಓದಿದ ವೇಗದಲ್ಲಿ ಮಗಳ ಹೆಸರು, ಶಾಲೆಯ ಹೆಸರು, ರಾಜಿ, ಇಷ್ಟು ಹಿಡಿಯಿತು. ತೀರ ಒಣಕಲಾಗಿದೆ ಎನಿಸಿತು. ಮನಸ್ಸಿನಲ್ಲಿ ಏನೂ ಇಟ್ಟುಕೊಂಡಿಲ್ಲವೆಂದು ಆ ಹೆಂಗಸಿಗೆ ತಿಳಿಯಬೇಡವೇ? ‘ಸಂತೋಷತ್ತೋಡೆ’, ಸಂತೋಷದಿಂದ, ಎಂದು ಒಂದು ಮಾತು ಸೇರಿಸಿ ಎಂದಳು. ಗುಮಾಸ್ತ ಸೆಕ್ರೆಟರಿಯ ಮುಖ ನೋಡಿದ. ಅವರು ಪರಮೇಶ್ವರಿಯನ್ನೇ ಸ್ವಲ್ಪ ಹೊತ್ತು ನೋಡಿ, ಸೇರಿಸು ಎಂದು ತಲೆಯಾಡಿಸಿದರು. ಹೊರಡುವಾಗ ಅವಳು, ಇನ್ನು ಜೂನಿನಲ್ಲಿ ಕಾಣುವ ಎಂದಳು. ಅವರು ಎದ್ದು ನಿಂತು ಕೈಮುಗಿದರು.

ಸರೋಜನ ಮನೆಯಲ್ಲಿ ವಿನೋದಾ ಗೋಡೆಗೊರಗಿ ಕೂತಿದ್ದಳು. ಪರಮೇಶ್ವರಿ ಕಾಗದವನ್ನೂ ಪೆನ್ನನ್ನೂ ಅವಳ ತೊಡೆಯ ಮೇಲಿಟ್ಟು, ಎಲ್ಲ ರಾಜಿಯಲ್ಲಿ ಮುಗಿಯಿತು, ಇಲ್ಲೊಂದು ರುಜು ಹಾಕು ಎಂದು ಸೆರಗಿನಿಂದ ಬೆವರು ಒರೆಸಿಕೊಳ್ಳತೊಡಗಿದಳು. ಹುಡುಗಿ ಕಾಗದವನ್ನು ಕೈಯಲ್ಲಿ ಹಿಡಿದುಕೊಂಡೇ ಇದ್ದಳು.

“ಬೇರೆ ದಾರಿ ಇಲ್ಲವಾ ಅಮ್ಮ?”

“ಬೇರೆ ದಾರಿ ಎಂತಕ್ಕೆ? ಇದೇ ಒಳ್ಳೆ ದಾರಿ. ನಾನೇ ಒಪ್ಪಿ ಬಂದದ್ದು.”

“ನೀವೇ ಒಪ್ಪಿದ್ದಾ?”

“ಮತ್ತೆ? ದೊಡ್ಡವರ ಹತ್ತಿರ ಹೊಡೆದಾಡಿ ನಿನಗೆ ಎಂತ ಸಿಕ್ಕುದು? ಹಾಕು ಮಗಾ.”

ವಿನೋದಾ ರುಜು ಹಾಕಿದಳು. ಜ್ವರದ ಕೈ, ಅಕ್ಷರ ಸ್ವಲ್ಪ ವಾರೆಯಾಯಿತು. ಸರೋಜನಿಗೆ ಮಲಯಾಳವೆಂದರೆ ತರಕಾರಿ ಕೊಳ್ಳುವಷ್ಟೇ. ಅವಳು ಬಾಗಿಲಲ್ಲಿ ನಿಂತು, “ಸದ್ಯ, ಸರಿಹೋಯ್ತಲ್ಲ ಬಿಡಿ,” ಎಂದಳು. ಪರಮೇಶ್ವರಿ ಕಾಗದವನ್ನು ಶಾಲೆಯ ಗುಮಾಸ್ತನಿಗೆ ಮುಟ್ಟಿಸಿ ಬಂದಳು. ವಾರ್ಷಿಕ ಪರೀಕ್ಷೆ ಮುಗಿದಿತ್ತು, ರಜೆಗೆ ನಾಲ್ಕೇ ದಿನ. ಮಗಳನ್ನು ಮನೆಗೇ ಕರೆದೊಯ್ಯುವುದೆಂದಾಯಿತು. ವಿನೋದಾ ಹಾಸಿಗೆ, ಕನ್ನಡಿ, ಗೋಡೆಗೆ ಹೊಡೆದಿದ್ದ ಮೊಳೆಯನ್ನೂ ಬಿಡದೆ ಕಟ್ಟಿಕೊಂಡಳು. ರಜೆಗೆ ಇಷ್ಟೆಲ್ಲ ಯಾಕೆ ಎಂದು ಸರೋಜ ಕೇಳಿದ್ದಕ್ಕೆ, ತೊಳೆಯಲಿಕ್ಕೆ ಇರಬೇಕು ಎಂದು ಪರಮೇಶ್ವರಿಯೇ ಉತ್ತರ ಕೊಟ್ಟಳು.

ಮರುದಿನ ರಾತ್ರಿ ಆಲುವದಲ್ಲಿ ಊಟಕ್ಕೆ ಬಡಿಸುತ್ತ ಗಂಡನಿಗೆ, ಶಾಲೆಯಲ್ಲಿ ಒಂದು ಸಣ್ಣ ಜಗಳವಿತ್ತು, ರಾಜಿಯಾಯಿತು ಎಂದಳು. ಹರಿನಾರಾಯಣ ಸಾರಿಗೆ ಅನ್ನ ಕಲಸುತ್ತ, ಅಲ್ಲಿಯೂ ಮೂರು ಗ್ಲಾಸು ಚಹಾವಾ ಎಂದ. ಇಲ್ಲ, ಅವರೇ ಎಳನೀರು ಕೊಟ್ಟರು ಎಂದಳು. ವಿನೋದಾ ಅರ್ಧ ಊಟಕ್ಕೆ ಎದ್ದುಹೋದಳು.

ಏಪ್ರಿಲ್ ಪೂರ್ತಿ ಅವಳು ಹಾಗೇ ಇದ್ದಳು. ಕೆಲಸ ಮಾಡುವುದಿಲ್ಲವೆಂದಲ್ಲ, ಬೆಳಿಗ್ಗೆ ಎದ್ದು ನೀರು ಸೇದುವಳು, ಅಜ್ಜಿಯ ಸೊಂಟಕ್ಕೆ ಎಣ್ಣೆ ತಿಕ್ಕುವಳು, ಮಾವಿನಕಾಯಿ ಹೆಚ್ಚಿ ಉಪ್ಪಿಗೆ ಹಾಕುವಳು. ಅಮ್ಮ ಕೇಳಿದ್ದಕ್ಕೆ ಹೌದು, ಇಲ್ಲ, ಅಷ್ಟೇ. ಶಾಲೆಯ ಮಾತು ತೆಗೆದರೆ ಬಾವಿಕಟ್ಟೆಗೆ ಹೋಗಿಬಿಡುವಳು. ಶಾಲೆಯಿಂದ ಒಂದು ಕಾಗದ ಬಂತು. ಅದನ್ನು ಒಡೆದು ಓದಿ ಹಿಂದಿ ಕೋಶದೊಳಗೆ ಇಟ್ಟಳು. ಪರಮೇಶ್ವರಿ ಏನೆಂದು ಕೇಳಿದಾಗ, ನಿಮಗೆ ಗೊತ್ತಿದ್ದದ್ದೇ ಎಂದಳು. ಶಾಲೆ ತೆರೆಯುವ ದಿನ ತಿಳಿಸಿರಬೇಕೆಂದುಕೊಂಡು ಪರಮೇಶ್ವರಿ ಹಾಲಿನ ಪುಡಿಯ ಡಬ್ಬಿ ಎತ್ತಿಕೊಂಡು ಸಮಾಜಕ್ಕೆ ಹೋದಳು. ಬೀದಿಯ ಪ್ರತಿಯೊಂದು ಮನೆಯ ಮೌನವೂ ಅವಳಿಗೆ ಅರ್ಥವಾಗುತ್ತಿತ್ತು. ತನ್ನ ಮನೆಯದಕ್ಕೆ ಕೂತು ಕೇಳುವಷ್ಟು ಹೊತ್ತು ಸಿಗಲಿಲ್ಲ. ಸಿಗಲಿಲ್ಲ ಎನ್ನುವುದೂ ಸುಳ್ಳು, ಅವಳು ಮಾಡಿಕೊಳ್ಳಲಿಲ್ಲ.

ರಾಜೀವಿಯಮ್ಮ ಇದೇ ಸಮಯ ನೋಡಿದರು. ಕಾಸರಗೋಡಿನ ಉಪೇಂದ್ರ, ರಿಜಿಸ್ಟ್ರಾರ್ ಕಚೇರಿಯಲ್ಲಿ ಕೆಲಸ, ಸ್ವಂತ ಮನೆ, ಮನೆ ತುಂಬ ಜನ. ಒಂದು ಸಲ ಕೇಳಿದ್ದನ್ನು ವಿನೋದಾ ಹೋದ ವರ್ಷ ಬೇಡವೆಂದಿದ್ದಳು. ಈ ಸಲ ಬಟ್ಟಲಲ್ಲಿ ಅಕ್ಕಿ ಆರಿಸುತ್ತ, ತಲೆ ಎತ್ತದೆ, ಆಗಲಿ ಎಂದಳು. ರಾಜೀವಿಯಮ್ಮನಿಗೇ ನಂಬಿಕೆಯಾಗದೆ ಎರಡು ಸಲ ಕೇಳಿದರು.

ಪರಮೇಶ್ವರಿಗೆ ಹುಡುಗನ ಮೇಲೆ ದೂರು ಏನೂ ಇರಲಿಲ್ಲ. ಆದರೆ ಒಂದು ವರ್ಷ ಕಳೆಯಲಿ, ಹುಡುಗಿ ಇನ್ನೊಂದು ವರ್ಷ ಕಲಿಸಲಿ, ಆಮೇಲೆ ಕಾಸರಗೋಡಿನಲ್ಲೇ ಯಾವುದಾದರೂ ಶಾಲೆ ನೋಡಿಕೊಂಡರಾಯಿತು ಎಂದು ಅತ್ತೆಯ ಹತ್ತಿರ ವಾದ ಹೂಡಿದಳು. ದೋಸೆಯ ಕಾವಲಿಯ ಮುಂದೆ ನಿಂತಿದ್ದ ವಿನೋದಾ ಸಟ್ಟುಗ ಕೆಳಗಿಟ್ಟಳು.

“ಒಂದು ವರ್ಷ ಎಂತಕ್ಕೆ? ಆಟಿ ತಿಂಗಳಲ್ಲಿ ಮದುವೆ ಇಲ್ಲ, ಅದು ಬರುವ ಮುಂಚೆಯೇ ಆಗಲಿ.”

“ನಿನಗೆ ಎಂತ ಆಗಿದೆ? ಇವರೆಲ್ಲರ ಹತ್ತಿರ ನಾನು ಜಗಳ ಆಡಿದ್ದು ಇದಕ್ಕಾ?”

“ನೀವಾ ಜಗಳ ಆಡಿದ್ದು?” ಎಂದಳು ವಿನೋದಾ. “ನೀವು ಮಾಡಿದ್ದು ರಾಜಿ, ಅಮ್ಮ.”

“ಹೌದು, ರಾಜಿ. ನಿನ್ನ ಬಾಯಿ ಮಾಡಿದ್ದನ್ನು ಸರಿ ಮಾಡ್ಲಿಕ್ಕೆ ನಾನೇ ಬೇಕಾಯಿತಲ್ಲ. ಅದಕ್ಕೆ ಇದಾ ಉಪಕಾರ?”

ವಿನೋದಾ ಅವಳನ್ನು ಒಮ್ಮೆ ನೋಡಿದಳು, ಯಾರನ್ನೋ ನೋಡುವ ಹಾಗೆ. ಕಾವಲಿಯ ದೋಸೆ ಸೀದುಹೋಯಿತು. ಸೋಮಾರಿತನ ಹತ್ತಿತು, ಮದುವೆಯ ಸೀರೆಯ ಆಸೆ ಹತ್ತಿತು ಎಂದು ಪರಮೇಶ್ವರಿ ಆ ದಿನವಿಡೀ ಪಾತ್ರೆಗಳ ಹತ್ತಿರ ಹೇಳಿಕೊಂಡಳು. ಐದನೇ ಕ್ಲಾಸಿಗೆ ಬಿಡಿಸಿದವಳ ಹೊಟ್ಟೆಯುರಿ ಶಾಲೆ ಸಿಕ್ಕಿದವಳಿಗೆ ಹೇಗೆ ತಿಳಿಯಬೇಕು ಎಂದೂ ಅಂದಳು. ಅದು ಮಗಳಿಗೆ ಕೇಳಿಸಲಿ ಎಂದೇ ಅಂದದ್ದು. ಉಪೇಂದ್ರನ ಮನೆಯವರು ಬಂದು ಹೋದರು. ಜೂನಿನ ಕೊನೆಗೆ ದಿನ ಗೊತ್ತಾಯಿತು, ಕಾಗದವೂ ಅಚ್ಚಾಯಿತು. ಮದುವೆಯವರೆಗಾದರೂ, ಒಂದು ತಿಂಗಳಾದರೂ ಹೋಗಿ ಮಕ್ಕಳ ಮುಖ ನೋಡಿ ಬರಲಿ ಎಂದು ಪರಮೇಶ್ವರಿ ತನ್ನೊಳಗೇ ಹಟ ಹಿಡಿದಳು.

ಜೂನ್ ಒಂದನೆಯ ತಾರೀಕು. ಅವಳು ಮಗಳ ಟ್ರಂಕು ಎಳೆದು, ತಳಕ್ಕೆ ಪೇಪರು ಹಾಸಿ, ಸೀರೆ ಮಡಚಿಟ್ಟು, ಉಪ್ಪಿನಕಾಯಿಯ ಭರಣಿಗೆ ಬಟ್ಟೆ ಬಿಗಿಯುತ್ತಿದ್ದಳು. ಶಾಲೆಗೆ ಸೇರಿದ ಮೇಲೆ ಮನೆಯಲ್ಲೂ ಮಲಯಾಳವೇ ಮಾತಾಡುವ ಸುಮಿತ್ರ ಹೊಸ್ತಿಲಲ್ಲಿ ಕೂತು ನೋಡುತ್ತಿದ್ದಳು.

“ಚೇಚ್ಚಿ ರಾಜಿ ವೆಚ್ಚಿಲ್ಲೇ ಅಮ್ಮೇ? ಪಿನ್ನೆ ಎಂತಿನಾ ಪೆಟ್ಟಿ?”

ಅಕ್ಕ ರಾಜಿ ಇಟ್ಟಳಲ್ಲ, ಮತ್ತೆ ಪೆಟ್ಟಿಗೆ ಯಾಕೆ. ಮಾತು ತಿಳಿಯಿತು, ಅರ್ಥ ತಿಳಿಯಲಿಲ್ಲ. ಪರಮೇಶ್ವರಿ ನಕ್ಕು, ರಾಜಿಯಾದ್ದಕ್ಕೇ ಹೋಗುವುದಲ್ಲವಾ ಮಗಾ ಎಂದಳು. ರಾಜಿ ವೆಚ್ಚರೆ ಯಾರಾದರೂ ಮತ್ತೆ ಹೋಗ್ತಾರಾ ಎಂದು ಸುಮಿತ್ರ ನಗತೊಡಗಿದಳು. ಅವಳ ಕ್ಲಾಸಿನ ಡ್ರಾಯಿಂಗ್ ಮಾಸ್ಟರೂ ರಾಜಿ ವೆಚ್ಚು ಹೋದವರು ಬಂದೇ ಇಲ್ಲವಂತೆ. ಅಕ್ಕನ ಹಿಂದಿ ಕೋಶದೊಳಗಿನ ಕಾಗದದಲ್ಲೂ ಹಾಗೇ ಬರೆದಿತ್ತಂತೆ. ಭಾನುವಾರವಾದ್ದರಿಂದ ಹರಿನಾರಾಯಣ ಜಗಲಿಯಲ್ಲಿದ್ದ. ಪೇಪರು ಮಡಚಿ ಒಳಗೆ ಬಂದ.

“ನೀನು ಆ ದಿನ ಅಲ್ಲಿ ಎಂತ ಮಾಡಿದ್ದು? ಸರಿಯಾಗಿ ಹೇಳು.”

ಅವಳು ಹೇಳಿದಳು. ಎಳನೀರು, ನಾಲ್ಕು ಸಾಲು, ರುಜು. ಹರಿನಾರಾಯಣ ಟ್ರಂಕಿನ ಅಂಚಿನ ಮೇಲೆ ಕೂತುಬಿಟ್ಟ.

“ಬರೆದುಕೊಟ್ಟೆ ಅಂತ ನೀನು ನನಗೆ ಹೇಳಲೇ ಇಲ್ಲ. ರಾಜಿಯಾಯಿತು ಅಂತ ಹೇಳಿದ್ದು. ಕೇಸು ರಾಜಿಯಾಗುದು ಅಂತ ಇವರೂ ಹೇಳ್ತಾರೆ, ಅದು ಒಪ್ಪಂದ. ರಾಜಿ ಬರೆದುಕೊಡುದು, ರಾಜಿ ವೆಕ್ಕುದು ಅಂದ್ರೆ ಬೇರೆ. ನಮ್ಮ ರಾಜೀನಾಮೆ ಉಂಟಲ್ಲ, ಅದನ್ನೇ ಇವರು ಅರ್ಧ ಮಾಡಿ ಹೇಳುದು.”

ಪರಮೇಶ್ವರಿಯ ಕೈಯಲ್ಲಿ ಭರಣಿಯ ದಾರ ಹಾಗೇ ಇತ್ತು. ಬಾಗಿಲಲ್ಲಿ ವಿನೋದಾ ನಿಂತಿದ್ದಳು, ಒದ್ದೆ ಬಟ್ಟೆಯ ಬುಟ್ಟಿ ಸೊಂಟದ ಮೇಲೆ. ಅವಳ ಮುಖದಲ್ಲಿ ಎರಡು ತಿಂಗಳಿನಿಂದ ಇದ್ದ ಬಿಗಿ ಅಲ್ಲೇ ಸಡಿಲವಾದದ್ದನ್ನು ಪರಮೇಶ್ವರಿ ನೋಡಿದಳು, ಮತ್ತು ಅದು ಆ ಬಿಗಿಗಿಂತ ಕಷ್ಟವಾಗಿತ್ತು.

“ನಿಮಗೆ ಗೊತ್ತಿರಲಿಲ್ಲವಾ?” ಎಂದಳು ವಿನೋದಾ.

“ಶಾಲೆಯ ಕಾಗದ ಬಂದ ದಿನವೇ ನೀನು ಯಾಕೆ ಹೇಳಲಿಲ್ಲ?”

“ಗೊತ್ತಿದ್ದವರಿಗೆ ಎಂತ ಹೇಳುದು ಅಂತ.”

ರಾಜೀವಿಯಮ್ಮ ಒಳಗಿನಿಂದ, ಆದದ್ದೆಲ್ಲ ಒಳ್ಳೆಯದಕ್ಕೇ ಎಂದರು. ಪರಮೇಶ್ವರಿ ಟ್ರಂಕಿನಿಂದ ಭರಣಿ 	ತೆಗೆದು, ಸಂಜೆಯ ರೈಲಿಗೆ ಒಬ್ಬಳೇ ಹೊರಟಳು.

ತಂಪಾನೂರಿನಲ್ಲಿ ಇಳಿದು ಮುಖ ತೊಳೆದು ನೇರ ಶಾಲೆಗೆ ಹೋದಳು. ಶಾಲೆ ತೆರೆದ ಮೊದಲ ದಿನದ ಗದ್ದಲ, ಹೊಸ ಕೊಡೆಗಳು, ಹೊಸ ಚೀಲಗಳು. ಸೆಕ್ರೆಟರಿ ಅವಳನ್ನು ಗುರುತಿಸಿ ಎದ್ದರು. ಹಪ್ಪಳ ಬಹಳ ಚೆನ್ನಾಗಿತ್ತು ಎಂದರು. ಅವಳು ತನ್ನ ಬಳಿ ಇದ್ದ ಅಷ್ಟೂ ಮಲಯಾಳವನ್ನು ಖರ್ಚು ಮಾಡಿದಳು: ನಮ್ಮ ರಾಜಿ ಬೇರೆ, ನಿಮ್ಮ ರಾಜಿ ಬೇರೆ, ನಾನು ಕೊಟ್ಟದ್ದು ಅದಲ್ಲ. ಅವರು ಪೂರ್ತಿ ಕೇಳಿದರು. ಕೇಳುತ್ತ ಕೇಳುತ್ತ ಅವರ ಕಣ್ಣು ಕೆಳಗಾಯಿತು.

ಫೈಲು ತೆಗೆಸಿ ಕಾಗದ ಮುಂದಿಟ್ಟರು. ವಿಚಾರಣೆ ಆಗಿದ್ದರೆ ಬಹುಶಃ ಒಂದು ಎಚ್ಚರಿಕೆಯಲ್ಲಿ ಮುಗಿಯುತ್ತಿತ್ತು ಎಂದರು. ಹೆಡ್‌ಮಿಸ್ಟ್ರೆಸ್ಸಿನ ಸಿಟ್ಟು ರಜೆಯಲ್ಲೇ ಇಳಿದಿತ್ತು. ನಾನೂ, ನೀವು ಒಪ್ಪದಿದ್ದರೆ ಒತ್ತಾಯ ಮಾಡಬಾರದೆಂದೇ ಇದ್ದೆ. ಆದರೆ ನೀವು ಒಂದೇ ಮಾತಿಗೆ ಒಪ್ಪಿದಿರಿ, ಸಂತೋಷದಿಂದ ಎಂದು ಬೇರೆ ಬರೆಸಿದಿರಿ. ಹುಡುಗಿಯನ್ನು ಮನೆಗೆ ಕರೆದುಕೊಳ್ಳುವ ಮನಸ್ಸಿದೆ ಎಂದು ತಿಳಿದೆ. ಮೇ ತಿಂಗಳಲ್ಲಿ ಬೇರೆಯವರನ್ನು ತೆಗೆದುಕೊಂಡಾಯಿತು. ಅವರು ಬೆರಳಿಟ್ಟು ಆ ಪದ ತೋರಿಸಿದರು. ಪರಮೇಶ್ವರಿಗೆ ಅಕ್ಷರ ಬಾರದು. ಆದರೂ ಆ ಸುತ್ತುಸುತ್ತಿನ ಐದಾರು ಅಕ್ಷರಗಳನ್ನು ಬಹಳ ಹೊತ್ತು ನೋಡಿದಳು. ಕಿಟಕಿಯಾಚೆ ಯಾವುದೋ ಕ್ಲಾಸಿನಲ್ಲಿ ಹುಡುಗಿಯರು ಒಟ್ಟಿಗೆ ‘ಹೈ, ಹೈಂ’ ಎನ್ನುತ್ತಿದ್ದರು. ಕಲಿಸುವ ದನಿ ಬೇರೆ ಯಾರದೋ.

ಮನೆಗೆ ಬಂದು, ಮದುವೆ ನಿಲ್ಲಿಸುವ, ಬೇರೆ ಶಾಲೆ ಹುಡುಕುವ, ಎಲ್ಲ ಕಡೆ ತಾನೇ ಹೋಗುತ್ತೇನೆ ಎಂದಳು. ಅತ್ತೆ ಎದೆ ಹಿಡಿದುಕೊಂಡರು. ವಿನೋದಾ ಉಪೇಂದ್ರನ ಮನೆಯವರ ಹೆಸರು ಬರೆದ ಮದುವೆಯ ಕಾಗದಗಳಿಗೆ ಅರಸಿನ ಹಚ್ಚುತ್ತಿದ್ದಳು. ಅವರಿಗೆ ಏನೆಂದು ಹೇಳುವುದು, ಒಂದು ಮಾತು ತಪ್ಪಾಗಿ ಕೇಳಿಸಿತು ಅಂತವಾ ಎಂದಳು. ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಪರಮೇಶ್ವರಿಗೆ ದಾರಿ ಗೊತ್ತಿತ್ತು, ಸಿಟ್ಟಿನವರನ್ನು ಕೂರಿಸಿ ಮಾತಾಡಿಸುವುದರಲ್ಲೇ ಅವಳ ಆಯುಷ್ಯ ಕಳೆದಿತ್ತು. “ಸಾಕಮ್ಮ,” ಎಂದಳು ವಿನೋದಾ. “ಇನ್ನು ಯಾರ ಹತ್ತಿರವೂ ಮಾತಾಡಬೇಡಿ.”

ಆ ತಿಂಗಳು ಬೀದಿಯಿಂದ ಇಬ್ಬರು ಜಗಳ ತಂದರು. ಪರಮೇಶ್ವರಿ ಇಬ್ಬರಿಗೂ, ತನಗೆ ಮದುವೆಯ ಕೆಲಸವಿದೆ ಎಂದು ಹೇಳಿ ಕಳಿಸಿದಳು. ಹುಡುಗಿಯ ಮೈಗೆ ತಾನೇ ಎಣ್ಣೆ ಹಚ್ಚಿದಳು, ತಾನೇ ತಲೆ ಬಾಚಿದಳು. ಇಬ್ಬರೂ ಮೋಸಹೋದೆವು, ತಾನು ಕಿವಿಯಿಂದ, ಜ್ವರದಲ್ಲಿ ಓದದೆ ರುಜು ಹಾಕಿದ ಹುಡುಗಿ ಕೈಯಿಂದ. ಈ ಒಂದು ಸಮಾಧಾನ ಅವಳಿಗೆ ಉಳಿದಿತ್ತು. ತಪ್ಪಿನಲ್ಲಿ ಮಗಳೂ ಒಂದು ಪಾಲು ಎಂದುಕೊಂಡರೆ ಸ್ವಲ್ಪ ಉಸಿರಾಡಲು ಆಗುತ್ತಿತ್ತು.

ಮದುವೆ ಆಲುವದಲ್ಲೇ ಆಯಿತು. ಮರುದಿನ ಬೆಳಿಗ್ಗೆ ದಿಬ್ಬಣ ಕಾಸರಗೋಡಿಗೆ ಹೊರಡುವಾಗ ಸ್ಟೇಷನ್ನಿನಲ್ಲಿ ಸಣ್ಣ ಮಳೆ. ಸಮಾಜದ ಹೆಂಗಸರೆಲ್ಲ ಬಂದಿದ್ದರು. ಉಪೇಂದ್ರ ಸಾಮಾನು ಹತ್ತಿಸುತ್ತಿದ್ದ. ಸಭ್ಯ ಹುಡುಗ, ಪರಮೇಶ್ವರಿಗೆ ಕೊಡೆ ಹಿಡಿಯಲು ಎರಡು ಸಲ ಬಂದ. ವಿನೋದಾ ಕಿಟಕಿಯ ಹತ್ತಿರ ಕೂತಳು. ಹೊಂದಿಕೊಂಡು ಹೋಗು ಮಗಾ ಎಂದು ಒಬ್ಬೊಬ್ಬರೇ ಕೈ ಹಿಡಿದು ಹೇಳಿ ಹಿಂದೆ ಸರಿದರು. ಹೆಣ್ಣು ಹೆತ್ತವಳು ಹೇಳಬೇಕಾದ್ದೂ ಅದೇ ಮಾತು. ಪರಮೇಶ್ವರಿಯ ಬಾಯಿಗೆ ಅದು ಬರಲಿಲ್ಲ.

“ಇನ್ನು ಮೇಲೆ ಯಾರು ಎಂತ ಕಾಗದ ಕೊಟ್ಟರೂ,” ಎಂದಳು ಕಿಟಕಿಯ ಸರಳು ಹಿಡಿದು, “ನಾನು ಕೊಟ್ಟರೂ, ಓದದೆ ರುಜು ಹಾಕಬೇಡ.”

ಗಾರ್ಡು ಸೀಟಿ ಊದಿದ. ವಿನೋದಾ ಅಮ್ಮನ ಕೈಯ ಮೇಲೆ ಕೈಯಿಟ್ಟಳು.

“ಓದಿಯೇ ಹಾಕಿದ್ದು, ಅಮ್ಮ. ಸಂತೋಷದಿಂದ ಅಂತ ಇತ್ತು. ಅದು ನಿಮ್ಮದೇ ಮಾತು ಅಂತ ಗೊತ್ತಾಯಿತು. ನಿಮಗೆ ಸಂತೋಷ ಅಂತ ಹಾಕಿದೆ.”

ರೈಲು ಹೊರಟಿತು. ಪರಮೇಶ್ವರಿ ಸರಳು ಬಿಡದೆ ನಾಲ್ಕು ಹೆಜ್ಜೆ ನಡೆದಳು, ಹರಿನಾರಾಯಣ ಬಂದು ತೋಳು ಹಿಡಿದ. ದಾರಿಯಲ್ಲಿ ಕುಡಿಯಲೆಂದು ಮಗಳಿಗಾಗಿ ತಂದಿದ್ದ ನೀರಿನ ಕೂಜೆ ಇನ್ನೊಂದು ಕೈಯಲ್ಲೇ ಉಳಿದಿತ್ತು. ಅದನ್ನು ಹಿಡಿದುಕೊಂಡೇ ಮನೆಗೆ ನಡೆದಳು.